ಓಡಿದ ಮೇಲಿನ ಐದು ನಿಮಿಷ: ಉಸಿರಾಟದ ಪಾಠದಲ್ಲಿ ನಾನು ತಪ್ಪೆಂದು ತಿದ್ದಿದ ಒಂದು ಸಂಖ್ಯೆ

ಪೀಠಿಕೆ

ಬೋಧನಾಭ್ಯಾಸದ ಮೂರನೇ ವಾರದಲ್ಲಿ ಏಳನೇ ತರಗತಿಯ ‘ಜೀವಿಗಳಲ್ಲಿ ಉಸಿರಾಟ’ ಪಾಠ ನನ್ನ ಪಾಲಿಗೆ ಬಂತು. ಬಿ.ಎಸ್‌ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ್ದರಿಂದ ವಿಷಯದ ಭಯ ಇರಲಿಲ್ಲ. ಮಕ್ಕಳನ್ನು ಮೈದಾನಕ್ಕೆ ಕರೆದೊಯ್ದು ಚಟುವಟಿಕೆ ಮಾಡಿಸಿದೆ. ವೀಕ್ಷಣಾ ನಮೂನೆಯಲ್ಲಿ ‘ಚಟುವಟಿಕೆ ಪರಿಣಾಮಕಾರಿ, ತರಗತಿ ನಿಯಂತ್ರಣ ಉತ್ತಮ’ ಎಂಬ ಷರಾ ಸಿಕ್ಕಿತು. ಆ ಷರಾ ಬರೆಯುತ್ತಿದ್ದ ಹೊತ್ತಿನಲ್ಲೇ ಕೊನೆಯ ಸಾಲಿನಲ್ಲಿ ಒಬ್ಬ ಹುಡುಗಿ ಉಸಿರಿಗಾಗಿ ಕಷ್ಟಪಡುತ್ತಿದ್ದಳು. ಅವಳ ಪುಸ್ತಕದಲ್ಲಿದ್ದ ಸರಿಯಾದ ಸಂಖ್ಯೆಯೊಂದನ್ನು ನಾನು ಕೆಂಪು ಶಾಯಿಯಲ್ಲಿ ಸುತ್ತುಹಾಕಿ ತಪ್ಪೆಂದು ಹೇಳಿದ್ದೆ.

ಆ ತಪ್ಪು ಹೇಗಾಯಿತು, ಅದರಿಂದ ನಾನು ಏನು ಓದಿ ತಿಳಿದೆ, ಒಂದು ವಾರದ ನಂತರ ಅದೇ ಪಾಠವನ್ನು ಹೇಗೆ ಬದಲಿಸಿದೆ ಎಂಬುದು ಈ ಲೇಖನದ ವಿಷಯ. ಶಾಲೆಯ ಮತ್ತು ಮಗುವಿನ ಹೆಸರನ್ನು ಬೇಕೆಂದೇ ಬರೆದಿಲ್ಲ.

ಮೊದಲ ಪಾಠ

ಪಠ್ಯಪುಸ್ತಕದ ಚಟುವಟಿಕೆ ಸರಳವಾಗಿದೆ. ಕುಳಿತಿರುವಾಗ ಒಂದು ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತೇವೆ ಎಂದು ಎಣಿಸಬೇಕು. ಬಿರುಸಾಗಿ ನಡೆದ ಮೇಲೆ, ನೂರು ಮೀಟರ್ ಓಡಿದ ಮೇಲೆ, ಮತ್ತೆ ವಿಶ್ರಾಂತಿ ಪಡೆದ ಮೇಲೆ ಎಣಿಸಿ ಕೋಷ್ಟಕ ತುಂಬಬೇಕು. ವ್ಯಾಯಾಮದಲ್ಲಿ ಉಸಿರಾಟದ ದರ ಏರುತ್ತದೆ, ವಿಶ್ರಾಂತಿಯಲ್ಲಿ ಇಳಿಯುತ್ತದೆ ಎಂಬುದು ಕಲಿಕಾಂಶ.

ನಾನು ಇದರಲ್ಲಿ ಒಂದು ಬದಲಾವಣೆ ಮಾಡಿದೆ. ನೂರು ಮೀಟರಿಗೆ ವ್ಯತ್ಯಾಸ ಎದ್ದು ಕಾಣದೇ ಹೋದರೆ ಎಂಬ ಅಳುಕಿನಿಂದ ಆರು ನಿಮಿಷ ಬಿಡದೆ ಮೈದಾನ ಸುತ್ತಿಸಿದೆ. ಅಂದು ಶನಿವಾರ, ಬೆಳಗಿನ ಶಾಲೆ. ಡಿಸೆಂಬರಿನ ಒಣ ಚಳಿ. ಮಕ್ಕಳು ಆಗತಾನೇ ಅಂಗಳ ಗುಡಿಸಿದ್ದರು, ದೂಳು ಇನ್ನೂ ಇಳಿದಿರಲಿಲ್ಲ. ಬೇಲಿಯ ಉದ್ದಕ್ಕೂ ಕಾಂಗ್ರೆಸ್ ಗಿಡ ಹೂ ಬಿಟ್ಟು ನಿಂತಿತ್ತು. ಮೈ ಬೆಚ್ಚಗಾಗಲಿ ಎಂದು ಎರಡು ನಿಮಿಷ ನಡೆಸಲೂ ಇಲ್ಲ. ಪ್ರಾರ್ಥನೆ ಮುಗಿದ ಕೂಡಲೇ ‘ಒಂದು, ಎರಡು, ಮೂರು’ ಎಂದು ಓಡಿಸಿಬಿಟ್ಟೆ.

ಒಟ್ಟು 34 ಮಕ್ಕಳು. ಅವರ ಕೋಷ್ಟಕದ ಸಾರ ಹೀಗಿತ್ತು:

ವಿಶ್ರಾಂತಿಯಲ್ಲಿ: ಹೆಚ್ಚಿನವರಿಗೆ 18ರಿಂದ 22, ಆ ಹುಡುಗಿಗೆ 20.
ಓಟ ನಿಲ್ಲಿಸಿದ ಕೂಡಲೇ: ಹೆಚ್ಚಿನವರಿಗೆ 34ರಿಂದ 42, ಆ ಹುಡುಗಿಗೆ 38.
ಐದು ನಿಮಿಷ ಕುಳಿತ ಮೇಲೆ: ಹೆಚ್ಚಿನವರಿಗೆ 20ರಿಂದ 26, ಆ ಹುಡುಗಿಗೆ 40.

ಪುಸ್ತಕಗಳನ್ನು ನೋಡುತ್ತಾ ಬಂದ ನನಗೆ ಆ 40 ಕಣ್ಣಿಗೆ ಬಿತ್ತು. ಸುತ್ತುಹಾಕಿದೆ. “ಕೂತ್ಕೊಂಡ ಮೇಲೆ ಜಾಸ್ತಿ ಆಗುತ್ತಾ? ಸರಿಯಾಗಿ ಎಣಿಸು, ಪಕ್ಕದವಳದು ನೋಡು” ಅಂದೆ. ಅವಳು ತಲೆ ಎತ್ತಲಿಲ್ಲ. 40ನ್ನು ಹೊಡೆದುಹಾಕಿ ಪಕ್ಕದ ಹುಡುಗಿಯ 22ನ್ನು ಬರೆದುಕೊಂಡಳು. ನನ್ನ ಪಾಠಕ್ಕೆ ಬೇಕಾಗಿದ್ದ ಉತ್ತರ ಅದೇ ಆದ್ದರಿಂದ ನಾನು ಸರಿ ಗುರುತು ಹಾಕಿದೆ.

ಮತ್ತೆ ಐದಾರು ನಿಮಿಷಕ್ಕೆ ಅವಳ ಕೆಮ್ಮು ಜೋರಾಯಿತು. ಎರಡೂ ಕೈಗಳನ್ನು ಮಂಡಿಯ ಮೇಲೂರಿ ಮುಂದಕ್ಕೆ ಬಾಗಿ ಕುಳಿತಿದ್ದಳು, ಉಸಿರು ಬಿಡುವಾಗ ಸಣ್ಣ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಮಕ್ಕಳೆಲ್ಲ ಸುತ್ತ ಮುತ್ತಿಕೊಂಡರು. ನಾನು ನೀರು ಕುಡಿಸಲು ಹೋದೆ. ತರಗತಿಯ ಹಿರಿಯ ಶಿಕ್ಷಕಿ ಬಂದು ಮಕ್ಕಳನ್ನು ದೂರ ಕಳಿಸಿ, ಅವಳನ್ನು ಜಗುಲಿಯ ಗೋಡೆಗೆ ಒರಗಿಸಿ ನೆಟ್ಟಗೆ ಕೂರಿಸಿ, “ನಿಧಾನ ಪುಟ್ಟಾ, ನಾನಿದ್ದೀನಿ” ಎನ್ನುತ್ತಾ ಪಕ್ಕದಲ್ಲೇ ಕುಳಿತರು. ಮನೆಗೆ ಫೋನ್ ಹೋಯಿತು. ತಾಯಿ ಹೊಲದಿಂದ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಅಷ್ಟರಲ್ಲಿ ಅವಳು ಬಹುಮಟ್ಟಿಗೆ ಸರಿಹೋಗಿದ್ದಳು.

ದೈಹಿಕ ಶಿಕ್ಷಣದ ಶಿಕ್ಷಕರು ನನಗೆ ಸಮಾಧಾನ ಹೇಳಲು ಬಂದರು. “ಅವಳು ಯಾವಾಗ್ಲೂ ಹಂಗೇ ಕಣಮ್ಮ. ಎರಡು ಸುತ್ತು ಓಡಿದ್ರೆ ಕೂತ್ಕೊಂಡ್ಬಿಡ್ತಾಳೆ. ಸ್ವಲ್ಪ ಹೊತ್ತು ಬಿಟ್ಟು ನೋಡಿ, ಏನೂ ಆಗಿರಲ್ಲ.” ಅವರ ಮಾತಿನಲ್ಲಿ ಕೆಟ್ಟ ಮನಸ್ಸು ಇರಲಿಲ್ಲ. ಅವರು ನೋಡಿದ್ದನ್ನೇ ಹೇಳಿದ್ದರು. ಆದರೆ ಆ ಮಾತಿನೊಳಗೇ ಕಾಯಿಲೆಯ ಲಕ್ಷಣ ಇತ್ತು ಎಂದು ನನಗೆ ಗೊತ್ತಾಗಿದ್ದು ಆ ಸಂಜೆ ಓದಲು ಕುಳಿತಾಗ.

ಓಡಿದ ಮೇಲೆ ಬರುವ ಉಬ್ಬಸ: ಶಿಕ್ಷಕರಿಗೆ ಬೇಕಾದಷ್ಟು ವಿಷಯ

ನಮ್ಮ ಕಡೆ ಇದನ್ನು ದಮ್ಮು, ಉಬ್ಬಸ, ಗೂರಲು ಎನ್ನುತ್ತಾರೆ. ಅಸ್ತಮಾ ಇರುವ ಮಕ್ಕಳ ಶ್ವಾಸನಾಳಗಳ ಒಳಗೋಡೆ ಸದಾ ಸ್ವಲ್ಪ ಊದಿಕೊಂಡು ಸೂಕ್ಷ್ಮವಾಗಿರುತ್ತದೆ. ಕೆರಳಿಸುವ ಸಂಗತಿ ಎದುರಾದಾಗ ಮೂರು ಕೆಲಸ ನಡೆಯುತ್ತವೆ: ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಗೋಡೆ ಊದುತ್ತದೆ, ಒಳಗೆ ಕಫ ಕಟ್ಟುತ್ತದೆ. ದಾರಿ ಕಿರಿದಾಗಿ ಗಾಳಿ ಸಿಳ್ಳೆ ಹಾಕುತ್ತದೆ. ದೂಳು, ಹೊಗೆ, ಪರಾಗ, ನೆಗಡಿಯಂತೆ ವ್ಯಾಯಾಮವೂ ಇದನ್ನು ಕೆರಳಿಸುತ್ತದೆ. ಅಸ್ತಮಾ ಇದೆ ಎಂದು ಗುರುತಿಸಿಲ್ಲದ ಕೆಲವು ಮಕ್ಕಳಲ್ಲೂ ಓಡಿದ ಮೇಲೆ ಮಾತ್ರ ಇದು ಕಾಣಿಸಿಕೊಳ್ಳಬಹುದು.

ವ್ಯಾಯಾಮ ಹೇಗೆ ಕೆರಳಿಸುತ್ತದೆ ಎಂಬುದನ್ನು ನಮ್ಮ ಪಾಠದಿಂದಲೇ ವಿವರಿಸಬಹುದು. ಮೂಗು ಒಳಹೋಗುವ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ, ಒದ್ದೆ ಮಾಡುತ್ತದೆ ಎಂದು ನಾವು ಕಲಿಸುತ್ತೇವೆ. ಜೋರಾಗಿ ಓಡುವಾಗ ಕುಳಿತಾಗಿನ ಹಲವು ಪಟ್ಟು ಗಾಳಿ ಬೇಕು. ಆಗ ಮಗು ಬಾಯಿಯಿಂದ ಉಸಿರಾಡುತ್ತದೆ, ಮೂಗಿನ ಕೆಲಸ ಶ್ವಾಸನಾಳಗಳ ಮೇಲೆ ಬೀಳುತ್ತದೆ. ನಾಳದ ಒಳಮೈಯ ತೆಳು ನೀರಿನ ಪದರ ಆವಿಯಾಗಿ ಉಳಿದ ದ್ರವದಲ್ಲಿ ಲವಣದ ಸಾಂದ್ರತೆ ಏರುತ್ತದೆ. ಅದರಿಂದ ಅಲ್ಲಿನ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯೂಕೋಟ್ರೈನ್ ಮೊದಲಾದ ರಾಸಾಯನಿಕಗಳನ್ನು ಬಿಡುತ್ತವೆ. ಅವು ಸ್ನಾಯುವನ್ನು ಬಿಗಿಸುತ್ತವೆ. ಗಾಳಿ ತಣ್ಣಗೆ, ಒಣಗಿದಷ್ಟೂ ಇದು ಹೆಚ್ಚು. ಒಣ ಚಳಿ, ದೂಳು, ಪರಾಗ, ಮೈ ಬೆಚ್ಚಗಾಗದ ಓಟ, ಬಿಡುವಿಲ್ಲದ ಆರು ನಿಮಿಷ. ಆ ಶನಿವಾರ ಒಂದನ್ನೂ ಬಿಡದಂತೆ ನಾನು ಎಲ್ಲವನ್ನೂ ಒದಗಿಸಿದ್ದೆ.

ಶಿಕ್ಷಕರು ಮುಖ್ಯವಾಗಿ ತಿಳಿಯಬೇಕಾದ್ದು ಇದರ ವೇಳೆಯನ್ನು. ಸಾಮಾನ್ಯ ಏದುಸಿರು ಓಡುವಾಗ ಹೆಚ್ಚಿರುತ್ತದೆ, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಈ ಉಬ್ಬಸ ಅದಕ್ಕೆ ತಿರುವುಮುರುವು. ಕೆಲವು ನಿಮಿಷಗಳ ಜೋರು ಓಟದಲ್ಲಿ ಶುರುವಾಗಿ, ಸಾಮಾನ್ಯವಾಗಿ ಓಟ ನಿಲ್ಲಿಸಿದ 5ರಿಂದ 10 ನಿಮಿಷಗಳಲ್ಲಿ ತೀವ್ರವಾಗುತ್ತದೆ. ಬಹಳ ಸಲ 30ರಿಂದ 60 ನಿಮಿಷಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮಗು ಓಡುತ್ತಿದ್ದಾಗ ಚೆನ್ನಾಗಿಯೇ ಇತ್ತು ಎಂದು ಮೈದಾನದಲ್ಲಿದ್ದವರು ಹೇಳುತ್ತಾರೆ. ಮುಖ್ಯ ಶಿಕ್ಷಕರೋ ತಾಯಿಯೋ ಬಂದಾಗ ಮಗು ಸರಿಹೋಗಿರುತ್ತದೆ. ನಡುವಿನ ಅರ್ಧ ಗಂಟೆಯನ್ನು ಕಂಡವರು ಅಕ್ಕಪಕ್ಕದ ಮಕ್ಕಳು ಮಾತ್ರ. ಹೀಗೆ ಒಂದು ಕಾಯಿಲೆ ‘ನಾಟಕ’ ಎನಿಸಿಕೊಳ್ಳುತ್ತದೆ, ಮಗು ‘ಸೋಮಾರಿ’ ಎನಿಸಿಕೊಳ್ಳುತ್ತದೆ. ಕೆಲವರಲ್ಲಿ ಒಮ್ಮೆ ಹೀಗಾದ ನಂತರ ಒಂದೆರಡು ಗಂಟೆ ಮತ್ತೆ ಓಡಿದರೂ ಅಷ್ಟಾಗಿ ಉಬ್ಬಸ ಬರುವುದಿಲ್ಲ. ಅದನ್ನು ಕಂಡವರ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಅವಳ 40 ಎಂಬ ಸಂಖ್ಯೆ ಈ ವೇಳಾಪಟ್ಟಿಗೆ ಸರಿಯಾಗಿ ಹೊಂದುತ್ತಿತ್ತು. ಸೋಮವಾರ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ. “ನಾನು ಸರಿಯಾಗೇ ಎಣಿಸಿದ್ದೆ ಮಿಸ್” ಅಂದಳು. ಅಷ್ಟೇ ಅಂದಳು. ಪುಸ್ತಕ ತರಿಸಿ ಸುತ್ತು ಹಾಕಿದ್ದ ಜಾಗದ ಪಕ್ಕ ‘40 ಸರಿ. ತಪ್ಪು ನನ್ನದು’ ಎಂದು ಬರೆದು ಸಹಿ ಮಾಡಿದೆ.

ತಾಯಿಯೊಡನೆ ಮಾತು

ಅದೇ ಸಂಜೆ ಹಿರಿಯ ಶಿಕ್ಷಕಿಯೊಡನೆ ಅವರ ಮನೆಗೆ ಹೋದೆ. ಎರಡು ವರ್ಷದ ಹಿಂದೆಯೇ ವೈದ್ಯರು ಅಸ್ತಮಾ ಎಂದು ಹೇಳಿ ಇನ್ಹೇಲರ್ ಕೊಟ್ಟಿದ್ದರು. ಅದು ಗೋಡೆಯ ಗೂಡಿನಲ್ಲಿ ದೇವರ ಪಟದ ಹಿಂದೆ ಇತ್ತು.

“ರಾತ್ರಿ ತೀರಾ ಕೆಮ್ಮು ಬಂದ್ರೆ ಮಾತ್ರ ಕೊಡ್ತೀನಿ ಮೇಡಂ. ಪಂಪು ಜೋರು ಮದ್ದು, ಅಭ್ಯಾಸ ಆದ್ರೆ ಬಿಡೋಕಾಗಲ್ಲ ಅಂತಾರೆ.”

“ಶಾಲೇಲಿ ಯಾಕೆ ಹೇಳಲಿಲ್ಲಮ್ಮ?”

“ಹೆಣ್ಣುಮಗು. ದಮ್ಮು ಐತೆ ಅಂತ ಊರೆಲ್ಲ ಗೊತ್ತಾದ್ರೆ ನಾಳೆ ಯಾರು ಮಾಡ್ಕೊತಾರೆ?”

ಈ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ. ಹಿರಿಯ ಶಿಕ್ಷಕಿಯೇ “ಊರಿಗೆ ಹೇಳೋದು ಬೇಡ, ನಮಗೆ ಹೇಳಿ. ನಾವು ಯಾರಿಗೂ ಹೇಳಲ್ಲ” ಎಂದರು. ‘ಜೋರು ಮದ್ದು’ ಎಂಬ ಭಯಕ್ಕೆ ಮಾತ್ರ ನಾನು ಲೆಕ್ಕ ಹೇಳಬಲ್ಲವಳಾಗಿದ್ದೆ. ಸಾಲ್ಬುಟಮಾಲ್ ಇನ್ಹೇಲರಿನ ಒಂದು ಸಲದ ಒತ್ತಿಗೆ ಸಾಮಾನ್ಯವಾಗಿ 100 ಮೈಕ್ರೋಗ್ರಾಂ ಮದ್ದು ಬರುತ್ತದೆ, ಎರಡು ಸಲಕ್ಕೆ 200. ಅದೇ ಮದ್ದಿನ 2 ಮಿಲಿಗ್ರಾಂ ಮಾತ್ರೆಯಲ್ಲಿ 2000 ಮೈಕ್ರೋಗ್ರಾಂ ಇರುತ್ತದೆ. ಅಂದರೆ ಪಂಪಿನ ಎರಡು ಒತ್ತು ಮಾತ್ರೆಯ ಹತ್ತನೇ ಒಂದು ಭಾಗ. ನೇರವಾಗಿ ಶ್ವಾಸನಾಳಕ್ಕೆ ಹೋಗುವುದರಿಂದ ಅಷ್ಟು ಕಡಿಮೆ ಸಾಕಾಗುತ್ತದೆ. ತಾಯಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಅದೇ ವಾರ ಅವರು ಮಗಳನ್ನು ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ದಿನವೂ ಎರಡು ಹೊತ್ತು ತೆಗೆದುಕೊಳ್ಳಬೇಕಾದ, ಊತ ತಗ್ಗಿಸುವ ಇನ್ಹೇಲರ್ ಬರೆದುಕೊಟ್ಟರು. ಆಟಕ್ಕೆ 10ರಿಂದ 15 ನಿಮಿಷ ಮುಂಚೆ ಸಾಲ್ಬುಟಮಾಲ್ ಎರಡು ಒತ್ತು, ಸ್ಪೇಸರ್ ಕೊಳವೆಯ ಮೂಲಕ. ಆಟ ಬಿಡಿಸಬೇಡಿ ಎಂದೂ ಹೇಳಿದರು. ಉಪಶಮನದ ಪಂಪು ಮೇಲಿಂದ ಮೇಲೆ ಬೇಕಾಗುತ್ತಿದ್ದರೆ ಒಳಗಿನ ಊತ ಹತೋಟಿಯಲ್ಲಿಲ್ಲ ಎಂದರ್ಥ, ಆಗ ಮತ್ತೆ ತೋರಿಸಬೇಕು ಎಂಬುದು ಅವರ ಇನ್ನೊಂದು ಸೂಚನೆ. ಒಂದು ಇನ್ಹೇಲರ್ ಶಾಲೆಯಲ್ಲಿ ಹಿರಿಯ ಶಿಕ್ಷಕಿಯ ಬಳಿ ಉಳಿಯಿತು, ಜೊತೆಗೆ ವೈದ್ಯರ ಚೀಟಿಯ ಪ್ರತಿ.

ಚೀಟಿಯ ಪ್ರಶ್ನೆ ಬದಲಿಸಿದಾಗ

ಎರಡನೇ ಪಾಠಕ್ಕೆ ಮುಂಚೆ ಎಲ್ಲ ಮಕ್ಕಳ ಮನೆಗೂ ಒಂದು ಚೀಟಿ ಕಳಿಸಿದೆ. ‘ನಿಮ್ಮ ಮಗುವಿಗೆ ಅಸ್ತಮಾ ಅಥವಾ ಉಸಿರಾಟದ ಕಾಯಿಲೆ ಇದೆಯೇ?’ ಎಂದು ಕೇಳಿದ್ದೆ. 34 ಚೀಟಿಯಲ್ಲೂ ‘ಇಲ್ಲ’ ಎಂದು ಬಂತು. ಆ ಹುಡುಗಿಯ ಚೀಟಿಯಲ್ಲೂ ‘ಇಲ್ಲ’ ಎಂದೇ ಇತ್ತು. ಚೀಟಿಯನ್ನು ಮಕ್ಕಳೇ ಹೊತ್ತು ತರುತ್ತಾರೆ, ದಾರಿಯಲ್ಲಿ ಗೆಳೆಯರು ಓದುತ್ತಾರೆ ಎಂಬುದು ತಾಯಿಗೆ ಗೊತ್ತಿತ್ತು, ನನಗೆ ಹೊಳೆದಿರಲಿಲ್ಲ.

ಮಾರ್ಗದರ್ಶಕರ ಸಲಹೆಯಂತೆ ಕಾಯಿಲೆಯ ಹೆಸರು ಬಿಟ್ಟು ಲಕ್ಷಣ ಕೇಳಿದೆ. ಓಡಿ ನಿಂತ ಮೇಲೆ ಕೆಮ್ಮು ಬರುತ್ತದೆಯೇ? ರಾತ್ರಿ ಕೆಮ್ಮಿನಿಂದ ಎಚ್ಚರವಾಗುತ್ತದೆಯೇ? ನೆಗಡಿ ಬಂದಾಗ ಎದೆಯಲ್ಲಿ ಸದ್ದು ಬರುತ್ತದೆಯೇ? ಚೀಟಿ ಮಡಚಿ ಅಂಟಿಸಿ ಕಳಿಸಲು ಹೇಳಿದೆ. ಈ ಸಲ ನಾಲ್ಕು ಚೀಟಿಗಳಲ್ಲಿ ‘ಹೌದು’ ಬಂತು.

ನಾಲ್ವರಿಗೂ ಅಸ್ತಮಾ ಇದೆ ಎಂದು ಹೇಳುವ ಅಧಿಕಾರ ನನಗಿಲ್ಲ. ಓಡಿದಾಗ ಮೇಲುಸಿರು ಬರಲು ರಕ್ತಹೀನತೆ, ಹೃದಯದ ತೊಂದರೆ, ಅಭ್ಯಾಸದ ಕೊರತೆ ಹೀಗೆ ಬೇರೆ ಕಾರಣಗಳೂ ಇರಬಹುದು. ವೈದ್ಯರು ಊದಿಸುವ ಪರೀಕ್ಷೆ ಮಾಡಿ, ವ್ಯಾಯಾಮದ ಮೊದಲು ಮತ್ತು ನಂತರ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಪ್ರಮಾಣವನ್ನು ಹೋಲಿಸಿ ನಿರ್ಧರಿಸುತ್ತಾರೆ. ನಾನು ಆ ಹೆಸರುಗಳನ್ನು ಹಿರಿಯ ಶಿಕ್ಷಕಿಗೆ ಕೊಟ್ಟೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬರುತ್ತದೆ. ಅವರು ಗುರುತಿಸಬೇಕಾದ ಬಾಲ್ಯದ ಕಾಯಿಲೆಗಳ ಪಟ್ಟಿಯಲ್ಲಿ ಉಬ್ಬಸದ ಈ ತೊಂದರೆಯೂ ಇದೆ. ತಂಡ ಬಂದ ದಿನ ಮಗುವಿಗೆ ಉಬ್ಬಸ ಇರದಿದ್ದರೆ ಅವರಿಗೆ ಕಾಣುವುದು ಕಷ್ಟ. ಶಿಕ್ಷಕರು ಬರೆದಿಟ್ಟ ಒಂದು ಸಾಲು ಅಲ್ಲಿ ಕೆಲಸಕ್ಕೆ ಬರುತ್ತದೆ.

ಬದಲಿಸಿದ ಪಾಠ ಯೋಜನೆ

ತಲಾ 40 ನಿಮಿಷದ ಎರಡು ಅವಧಿ ತೆಗೆದುಕೊಂಡೆ.

ಮೊದಲ ಅವಧಿ (ತರಗತಿಯಲ್ಲಿ)

1. ಒದ್ದೆ ಸ್ಲೇಟು. ನಲಿ-ಕಲಿ ತರಗತಿಯಿಂದ ಎರಡು ಸ್ಲೇಟು ತಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಒಂದನ್ನು ಮೇಜಿನ ಮೇಲಿಟ್ಟು, ಇನ್ನೊಂದನ್ನು ಬೀಸಲು ಹೇಳಿದೆ. ಬೀಸಿದ್ದು ಬೇಗ ಒಣಗಿತು. ‘ಜೋರಾಗಿ ಗಾಳಿ ಹಾದಾಗ ಒದ್ದೆ ಮೈ ಬೇಗ ಒಣಗುತ್ತದೆ. ಓಡುವಾಗ ನಮ್ಮ ಶ್ವಾಸನಾಳಕ್ಕೂ ಹೀಗೇ’ ಎಂಬಲ್ಲಿಗೆ ಮಕ್ಕಳೇ ಬಂದರು.

2. ಎರಡು ಶ್ವಾಸಕೋಶಗಳು. ಪಠ್ಯದಲ್ಲಿರುವ ಬಾಟಲಿ-ಬಲೂನಿನ ಮಾದರಿಯನ್ನು ಎರಡು ಮಾಡಿದೆ. ಒಂದಕ್ಕೆ ಸಾಮಾನ್ಯ ಕೊಳವೆ, ಇನ್ನೊಂದಕ್ಕೆ ಖಾಲಿಯಾದ ಪೆನ್ ರೀಫಿಲ್ಲಿನ ಕೊಳವೆ. ಕೆಳಗಿನ ರಬ್ಬರ್ ಹಾಳೆ ಎಳೆದಾಗ ಎರಡನೆಯ ಬಲೂನು ನಿಧಾನವಾಗಿ ತುಂಬಿತು, ಬಿಟ್ಟಾಗ ನಿಧಾನವಾಗಿ ಇಳಿಯಿತು. ಈ ಮಾದರಿಗೆ ಒಂದು ಮಿತಿ ಇದೆ. ನಿಜವಾದ ಉಬ್ಬಸದಲ್ಲಿ ಉಸಿರು ಬಿಡುವಾಗ ನಾಳ ಇನ್ನಷ್ಟು ಕಿರಿದಾಗುತ್ತದೆ, ಆದ್ದರಿಂದ ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಹೆಚ್ಚು ಕಷ್ಟ. ಇದನ್ನು ಮಾತಿನಲ್ಲಿ ಹೇಳಿದೆ. ಮಕ್ಕಳಿಂದ ಸಣ್ಣ ಕೊಳವೆಯಲ್ಲಿ ಉಸಿರಾಡಿಸಿ ತೋರಿಸುವ ಯೋಚನೆ ಮೊದಲು ಇತ್ತು. ತಲೆಸುತ್ತು ಬರಬಹುದು, ಉಬ್ಬಸವಿರುವ ಮಗು ಹೆದರಬಹುದು ಎಂದು ಕೈಬಿಟ್ಟೆ.

3. ಕಾಗದದ ಬಳೆ. ಕಾಗದದ ಬಳೆಯೊಂದನ್ನು ಬಿಗಿಮಾಡುತ್ತಾ, ಒಳಗೆ ಹತ್ತಿ ಅಂಟಿಸುತ್ತಾ ‘ಸ್ನಾಯು ಬಿಗಿತ, ಊತ, ಕಫ’ ಮೂರನ್ನೂ ತೋರಿಸಿದೆ.

4. ಓಟಗಾರರ ಕಥೆ. ಉಬ್ಬಸ ಇರುವವರು ಆಡಬಾರದೇ ಎಂಬ ಪ್ರಶ್ನೆಗೆ ಮೂರು ಉದಾಹರಣೆ ಕೊಟ್ಟೆ. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಅಮೆರಿಕದ 16 ವರ್ಷದ ಈಜುಗಾರ ರಿಕ್ ಡಿಮಾಂಟ್ 400 ಮೀಟರ್ ಫ್ರೀಸ್ಟೈಲಿನಲ್ಲಿ ಮೊದಲಿಗನಾದ. ಅವನ ಅಸ್ತಮಾ ಔಷಧಿಯಲ್ಲಿ ನಿಷೇಧಿತ ಎಫಿಡ್ರಿನ್ ಇದ್ದುದರಿಂದ ಪದಕ ಕಿತ್ತುಕೊಂಡರು. ಔಷಧಿಯ ಹೆಸರನ್ನು ಅವನು ಮುಂಚೆಯೇ ನಮೂನೆಯಲ್ಲಿ ಬರೆದುಕೊಟ್ಟಿದ್ದ. ನೋಡಬೇಕಾದವರು ನೋಡಿರಲಿಲ್ಲ. ಮರುವರ್ಷ ಅದೇ ಸ್ಪರ್ಧೆಯನ್ನು ನಾಲ್ಕು ನಿಮಿಷದೊಳಗೆ ಮುಗಿಸಿದ ಮೊದಲ ಈಜುಗಾರನಾದ. ಅಸ್ತಮಾ ಇದ್ದ ಜಾಕಿ ಜಾಯ್ನರ್-ಕರ್ಸಿ 1988ರಲ್ಲಿ ಸೋಲ್‌ನಲ್ಲಿ ಹೆಪ್ಟಥ್ಲಾನ್ ಚಿನ್ನ ಗೆದ್ದರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ ಅಮೆರಿಕ ತಂಡದ 597 ಕ್ರೀಡಾಪಟುಗಳಲ್ಲಿ 67 ಮಂದಿಗೆ ವ್ಯಾಯಾಮದಿಂದ ಉಬ್ಬಸ ಬರುತ್ತಿತ್ತು. ಅವರೇ 41 ಪದಕ ತಂದರು.

ಒಬ್ಬ ಹುಡುಗ ಎದ್ದು ಕೇಳಿದ: “ಕಬಡ್ಡಿ ಆಡೋವಾಗ ಉಸಿರೇ ಎಳ್ಕೊಳ್ಳಲ್ವಲ್ಲ ಮಿಸ್, ಅದರಲ್ಲಿ ದಮ್ಮು ಬರಲ್ವಾ?” ಇಡೀ ಪಾಠದ ಒಳ್ಳೆಯ ಪ್ರಶ್ನೆ ಅದು. ಕಬಡ್ಡಿಯ ಒಂದು ದಾಳಿ 30 ಸೆಕೆಂಡಿನೊಳಗೆ ಮುಗಿಯುತ್ತದೆ, ನಡುವೆ ಬಿಡುವು ಸಿಗುತ್ತದೆ. ಹೀಗೆ ತುಣುಕು ತುಣುಕಾಗಿ ಆಡುವ ಆಟ ಬಿಡದೆ ಓಡುವುದಕ್ಕಿಂತ ಕಡಿಮೆ ಕೆರಳಿಸುತ್ತದೆ. ಆದರೆ ಬರುವುದೇ ಇಲ್ಲ ಎನ್ನಲಾಗದು, ದೂಳೂ ಲೆಕ್ಕಕ್ಕೆ ಬರುತ್ತದೆ ಎಂದು ಉತ್ತರಿಸಿದೆ.

ಎರಡನೇ ಅವಧಿ (ಮೈದಾನದಲ್ಲಿ)

1. ಬಿಸಿಲು ಏರಿದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುಂಚಿನ ಅವಧಿ ತೆಗೆದುಕೊಂಡೆ. ಗುಡಿಸುವುದಿದ್ದರೆ ನೀರು ಚಿಮುಕಿಸಿ ಮೊದಲೇ ಗುಡಿಸಲು ಹೇಳಿದ್ದೆ. ಬೇಲಿಯ ಕಾಂಗ್ರೆಸ್ ಗಿಡವನ್ನು ಹಿಂದಿನ ದಿನವೇ ದೊಡ್ಡವರಿಂದ ಕೀಳಿಸಿದ್ದರು.

2. ಹತ್ತು ನಿಮಿಷ ನಡಿಗೆ, ಕೈಕಾಲು ಬೀಸುವುದು, ನಡುನಡುವೆ ಸಣ್ಣ ಓಟ. ಹೀಗೆ ಮೈ ಬೆಚ್ಚಗೆ ಮಾಡಿಕೊಂಡರೆ ನಂತರದ ಉಬ್ಬಸ ಅನೇಕರಲ್ಲಿ ತಗ್ಗುತ್ತದೆ.

3. ಪಠ್ಯದಲ್ಲಿರುವಂತೆ ನೂರು ಮೀಟರ್ ಓಟ ಮಾತ್ರ. ಯಾರು ಬೇಕಾದರೂ ನಡೆಯಬಹುದು, ಕಾರಣ ಹೇಳಬೇಕಿಲ್ಲ.

4. ಎಣಿಕೆ ನಾಲ್ಕು ಸಲ: ವಿಶ್ರಾಂತಿಯಲ್ಲಿ, ಓಟದ ಕೂಡಲೇ, 5 ನಿಮಿಷಕ್ಕೆ, 10 ನಿಮಿಷಕ್ಕೆ. ‘ಯಾರ ಸಂಖ್ಯೆಯೂ ತಪ್ಪಲ್ಲ. ಬೇರೆಯವರದಕ್ಕಿಂತ ಬೇರೆ ಬಂದರೆ ನನಗೆ ಹೇಳಿ’ ಎಂದು ಮೊದಲೇ ತಿಳಿಸಿದೆ.

5. ಇನ್ಹೇಲರ್ ಹಿರಿಯ ಶಿಕ್ಷಕಿಯ ಬಳಿ, ಮೈದಾನದಲ್ಲೇ.

ಆ ಹುಡುಗಿಗೆ ಸಮಯ ನೋಡುವ ಕೆಲಸ ಕೊಡೋಣ ಎಂದುಕೊಂಡಿದ್ದೆ. “ನಾನೂ ಓಡ್ತೀನಿ ಮಿಸ್” ಅಂದಳು. ತಾಯಿಯ ಒಪ್ಪಿಗೆ, ವೈದ್ಯರ ಸೂಚನೆ ಎರಡೂ ಇದ್ದವು. ಹಿರಿಯ ಶಿಕ್ಷಕಿ ಅವಳನ್ನು ಸ್ಟಾಫ್ ರೂಮಿಗೆ ಕರೆದೊಯ್ದು ಪಂಪು ತೆಗೆದುಕೊಳ್ಳಲು ನೆರವಾದರು. ಬಂದು ಎಲ್ಲರೊಡನೆ ನಡೆದಳು, ಓಡಿದಳು. ಅವಳ ನಾಲ್ಕು ಸಂಖ್ಯೆಗಳು: 20, 34, 24, 20.

ಫಲಿತಾಂಶ ಮತ್ತು ಕೊರತೆಗಳು

ಘಟಕ ಪರೀಕ್ಷೆಯಲ್ಲಿ ‘ಓಡಿದ ಐದು ನಿಮಿಷದ ನಂತರವೂ ಉಸಿರಾಟದ ದರ ಇಳಿಯದಿದ್ದರೆ ಏನು ಮಾಡುವೆ?’ ಎಂದು ಕೇಳಿದ್ದೆ. ಹೆಚ್ಚಿನವರು ‘ದೊಡ್ಡವರಿಗೆ ಹೇಳುತ್ತೇನೆ, ನೆಟ್ಟಗೆ ಕೂರಿಸುತ್ತೇನೆ, ಸುತ್ತ ನಿಲ್ಲುವುದಿಲ್ಲ’ ಎಂದು ಬರೆದರು. ಶನಿವಾರ ನನಗೆ ಗೊತ್ತಿಲ್ಲದ ಉತ್ತರ ಅದು.

ಕೊರತೆಗಳೂ ಇದ್ದವು. ಪಾಠದ ಮರುದಿನ ಇಬ್ಬರು ಹುಡುಗರು ಕೆಮ್ಮಿದವರನ್ನೆಲ್ಲ ‘ದಮ್ಮು’ ಎಂದು ಕರೆಯತೊಡಗಿದರು. ಅಡ್ಡಹೆಸರಿನ ಬಗ್ಗೆ ನಾನು ಮೊದಲೇ ಮಾತಾಡಬೇಕಿತ್ತು. ಎರಡು ಅವಧಿ ಸಾಲದೆ ಜಿರಳೆ, ಎರೆಹುಳುವಿನ ಉಸಿರಾಟ ಮುಂದಕ್ಕೆ ಹೋಯಿತು. ಉಳಿದ ಮೂವರು ಮಕ್ಕಳನ್ನು ವೈದ್ಯರಿಗೆ ತೋರಿಸುವಷ್ಟರಲ್ಲಿ ನನ್ನ ಬೋಧನಾಭ್ಯಾಸದ ಅವಧಿ ಮುಗಿಯಿತು.

ಇದು ಒಂದು ಶಾಲೆಯ ಅಪರೂಪದ ಪ್ರಸಂಗ ಎಂದು ಯಾರೂ ಭಾವಿಸಬಾರದು. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 20,000 ಮಕ್ಕಳ ದಾಖಲೆಗಳಿಂದ ತೋರಿಸಿದಂತೆ, ಅವರಲ್ಲಿ ಅಸ್ತಮಾ ಪ್ರಮಾಣ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದ ನಗರದ ಮಕ್ಕಳ ಲೆಕ್ಕವಿದು, ಹಳ್ಳಿಯ ತರಗತಿಗೆ ಹಾಗೆಯೇ ಹೊಂದಿಸಲಾಗದು. ಆದರೂ ನಮ್ಮ ಎದುರು ಕುಳಿತ ಮೂವತ್ತು ನಲವತ್ತು ಮಕ್ಕಳಲ್ಲಿ ಇಂಥವರು ಯಾರೂ ಇಲ್ಲ ಎಂದು ಊಹಿಸಿ ಪಾಠ ಯೋಜನೆ ಬರೆಯಬಾರದು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಸಲಹೆಗಳು

1. ಓಡಿಸುವ, ಕುಣಿಸುವ ಯಾವುದೇ ಚಟುವಟಿಕೆ ಇದ್ದರೆ ಪಾಠ ಯೋಜನೆಯಲ್ಲಿ ‘ಸುರಕ್ಷತೆ’ ಎಂದು ಒಂದು ಸಾಲು ಬರೆಯಿರಿ. ಪಠ್ಯದ ಅಳತೆಯನ್ನು ಹೆಚ್ಚಿಸುವ ಮುನ್ನ ಯಾಕೆ ಎಂದು ಕೇಳಿಕೊಳ್ಳಿ.

2. ಓಟ ನಿಂತ ಮೇಲೆ ಹತ್ತು ನಿಮಿಷ ಮಕ್ಕಳನ್ನು ನೋಡುತ್ತಿರಿ. ಆಗ ಹೆಚ್ಚುವ ಕೆಮ್ಮು, ಸಿಳ್ಳೆಯ ಸದ್ದು, ಎದೆ ಬಿಗಿತ ಲಕ್ಷಣಗಳು. ಎಲ್ಲರಲ್ಲೂ ಸಿಳ್ಳೆ ಕೇಳುವುದಿಲ್ಲ, ಕೆಲವರಲ್ಲಿ ಕೆಮ್ಮು ಮಾತ್ರ ಇರುತ್ತದೆ.

3. ಉಬ್ಬಸ ಬಂದರೆ ಓಟ ನಿಲ್ಲಿಸಿ, ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಗುಂಪು ಸೇರಲು ಬಿಡಬೇಡಿ. ಮಗುವಿಗೆ ವೈದ್ಯರು ಬರೆದುಕೊಟ್ಟ ಇನ್ಹೇಲರನ್ನು ಅವರು ಹೇಳಿದಂತೆ ತೆಗೆದುಕೊಳ್ಳಲು ನೆರವಾಗಿ. ಒಬ್ಬಂಟಿಯಾಗಿ ಮನೆಗೆ ಕಳಿಸಬೇಡಿ.

4. ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಮಂಪರು ಬಂದರೆ ಅಥವಾ ಪಂಪಿನಿಂದ ಗುಣ ಕಾಣದಿದ್ದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ತಾನಾಗಿ ಇಳಿಯುತ್ತದೆ ಎಂಬ ಮಾತು ಇಲ್ಲಿ ಅನ್ವಯಿಸುವುದಿಲ್ಲ.

5. ಪಾಲಕರನ್ನು ಕೇಳುವಾಗ ಕಾಯಿಲೆಯ ಹೆಸರು ಬೇಡ, ಲಕ್ಷಣ ಕೇಳಿ. ತಿಳಿದದ್ದನ್ನು ತರಗತಿಯಲ್ಲಿ ಹೇಳಬೇಡಿ. ಕಾಯಿಲೆ ಯಾವುದೆಂದು ಹೇಳುವುದು ವೈದ್ಯರ ಕೆಲಸ.

6. ಉಬ್ಬಸವಿರುವ ಮಗುವನ್ನು ಆಟದಿಂದ ಹೊರಗಿಡಬೇಡಿ. ಚಿಕಿತ್ಸೆ ಸರಿಯಿದ್ದರೆ ಹೆಚ್ಚಿನ ಮಕ್ಕಳು ಎಲ್ಲರಂತೆ ಆಡಬಲ್ಲರು.

ಮುಕ್ತಾಯ

ವಿಜ್ಞಾನದ ಪಾಠದಲ್ಲಿ ನಾವು ವೀಕ್ಷಣೆ, ದಾಖಲೆ, ತೀರ್ಮಾನ ಎಂದು ಹಂತ ಬರೆಯುತ್ತೇವೆ. ಆ ಶನಿವಾರ ತೀರ್ಮಾನ ನನ್ನ ಕೈಯಲ್ಲಿ ಮೊದಲೇ ಇತ್ತು, ಅದಕ್ಕೆ ಒಪ್ಪದ ವೀಕ್ಷಣೆಯನ್ನು ನಾನು ಅಳಿಸಿದೆ. ವಿಧಾನದ ದೃಷ್ಟಿಯಿಂದಲೇ ಅದು ತಪ್ಪು ಪಾಠ. ಆ ಹುಡುಗಿ ಹನ್ನೆರಡನೇ ವಯಸ್ಸಿನಲ್ಲಿ ತನ್ನ ಉಸಿರನ್ನು ಸರಿಯಾಗಿ ಎಣಿಸಿ, ಕಂಡದ್ದನ್ನು ಕಂಡಂತೆ ಬರೆದಿದ್ದಳು.

ಬೋಧನಾಭ್ಯಾಸದ ಕೊನೆಯ ದಿನ ಮಧ್ಯಾಹ್ನ ಮಕ್ಕಳು ಖೊ-ಖೊ ಆಡುತ್ತಿದ್ದರು. ಅವಳೂ ಸಾಲಿನಲ್ಲಿ ಕುಳಿತಿದ್ದಳು. ದೈಹಿಕ ಶಿಕ್ಷಣದ ಶಿಕ್ಷಕರು ಆಟ ಶುರುವಾಗುವ ಮೊದಲು ಗಡಿಯಾರ ನೋಡಿ, “ಹದಿನೈದು ನಿಮಿಷ ಆಯ್ತೇನಮ್ಮ?” ಎಂದು ಮೆಲ್ಲಗೆ ಕೇಳಿದರು. ಅವಳು ಹೂಂ ಎಂದು ತಲೆಯಾಡಿಸಿದಳು. ಆಟ ಶುರುವಾಯಿತು.